ಹಿರಿಯರ ಸೂರಿಗೆ ಹಣ ಎಲ್ಲಿಂದ? ಅಮೆರಿಕದ ಒಂದು ಹಳೆ ಲೆಕ್ಕ

ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ಶಾಲೆಯ ಹಳೆ ಕಟ್ಟಡದ ಹಂಚು ಇಳಿಸಿ ನೋಡಿದೆವು. ಪಕ್ಕಾಸು, ರೀಪುಗಳಲ್ಲಿ ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ನಮ್ಮಲ್ಲೇ ಪಾಠ ಮಾಡಿ ನಿವೃತ್ತರಾದ ಹಿರಿಯ ಮಾಸ್ಟ್ರೊಬ್ಬರು ಅಂಗಳದಲ್ಲಿ ನಿಂತಿದ್ದರು. "ಕಟ್ಟುವವರು ಸಿಗ್ತಾರೆ, ಸಂಬಳ ಸರಕಾರ ಕೊಡ್ತದೆ. ಹಂಚು ಬದಲಾಯಿಸುವವರು ಯಾರು ಮಾರಾಯ್ರೆ?" ಎಂದರು. ಎಯ್ಡೆಡ್ ಶಾಲೆಯಲ್ಲಿ ದುಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡ ಮೆನೇಜರರದ್ದು, ಸಂಬಳ ಸರಕಾರದ್ದು, ರಿಪೇರಿಗೆ ಒಂದು ಸಣ್ಣ ಗ್ರಾಂಟ್.

ಮಾಸ್ಟ್ರು ಶಾಲೆಯ ಬಗ್ಗೆ ಹೇಳಿದ್ದೋ ತಮ್ಮ ಮನೆಯ ಬಗ್ಗೆ ಹೇಳಿದ್ದೋ ನಮಗೆ ಗೊತ್ತಾಗಲಿಲ್ಲ. ಮಕ್ಕಳು ದೂರದಲ್ಲಿ, ಅವರು ಒಬ್ಬರೇ, ಮನೆ ಸೋರುತ್ತದೆ. ಆಗ ನಾವು ಓದುತ್ತಿದ್ದ ಒಂದು ವಿಷಯ ನೆನಪಾಯಿತು. ಶ್ರೀಮಂತ ದೇಶವೆಂದು ನಾವು ತಿಳಿದ ಅಮೆರಿಕವೂ ಬಡ ಹಿರಿಯರಿಗೆ ಮನೆ ಕಟ್ಟಿಸುವಾಗ ಇದೇ ಪ್ರಶ್ನೆಯಲ್ಲಿ ಅರುವತ್ತು ವರ್ಷ ಒದ್ದಾಡಿದೆ.

ಮೊದಲು ಅಲ್ಲಿ ಇದ್ದದ್ದು ಬಡಮನೆ. ಊರಿನ ಅಥವಾ ಕೌಂಟಿಯ ತೆರಿಗೆ ಹಣದಲ್ಲಿ ನಡೆಯುತ್ತಿದ್ದ ಈ ಮನೆಗಳಿಗೆ ಸೇರುವುದೆಂದರೆ ಅವಮಾನ. 1935ರ ಸಾಮಾಜಿಕ ಭದ್ರತಾ ಕಾಯಿದೆ ಬಂದಾಗ, ಸರಕಾರಿ ಬಡಮನೆಯಲ್ಲಿ ಇರುವವರಿಗೆ ವೃದ್ಧಾಪ್ಯ ಸಹಾಯಧನ ಇಲ್ಲವೆಂದು ಬರೆದರು. ಬಡಮನೆಗಳು ಮುಚ್ಚಿಹೋಗಲಿ ಎಂಬ ಒಳ್ಳೆಯ ಯೋಚನೆಯೇ. ಆದರೆ ಹಣ ಕೈಗೆ ಬಂದ ಮಾತ್ರಕ್ಕೆ ಮನೆ ಬರುವುದಿಲ್ಲವಲ್ಲ. ಎಷ್ಟೋ ಮಂದಿ ಆ ಹಣ ಕೊಟ್ಟು ಖಾಸಗಿ ವಸತಿಮನೆಗಳ ಕೋಣೆ ಸೇರಿದರು. ಮುಂದೆ ಬೆಳೆದ ನರ್ಸಿಂಗ್ ಹೋಮ್ ವ್ಯಾಪಾರಕ್ಕೆ ಇದೂ ಒಂದು ಬೇರು.

1937ರಲ್ಲಿ ಸರಕಾರಿ ಬಾಡಿಗೆ ಮನೆಗಳ ಕಾಯಿದೆ ಬಂತು. ಅದು ಕುಟುಂಬಗಳಿಗೆ. ಗಂಡ ತೀರಿಹೋದ ಒಂಟಿ ಅಜ್ಜಿ ಕಾಯಿದೆಯ ಲೆಕ್ಕದಲ್ಲಿ ಕುಟುಂಬವಲ್ಲ! ಒಂಟಿ ಹಿರಿಯರಿಗೆ ಆ ಬಾಗಿಲು ತೆರೆದದ್ದು 1956ರ ವಸತಿ ಕಾಯಿದೆಯಿಂದ. (ಕಾಸರಗೋಡಿನ ನಮಗೆ 1956 ಎಂದರೆ ಬೇರೆಯೇ ನೆನಪು. ಅದು ಇಲ್ಲಿ ಬೇಡ.)

ನಿಜವಾದ ಕಥೆ ಶುರುವಾಗುವುದು 1959ರಲ್ಲಿ. ಆ ವರ್ಷದ ವಸತಿ ಮಸೂದೆಯನ್ನು ಅಧ್ಯಕ್ಷ ಐಸೆನ್‌ಹೋವರ್ ಖರ್ಚು ಜಾಸ್ತಿ ಎಂದು ಎರಡು ಸಲ ತಿರಸ್ಕರಿಸಿದರು. ಮೂರನೆಯ ಸಲ ಬಂದದ್ದಕ್ಕೆ ಸೆಪ್ಟೆಂಬರದಲ್ಲಿ ಸಹಿ ಹಾಕಿದರು. ಅದರ 202ನೇ ಸೆಕ್ಷನ್ ಹಿರಿಯರ ವಸತಿಗೆ. ಲಾಭಕ್ಕಲ್ಲದೆ ನಡೆಯುವ ಚರ್ಚು, ಕಾರ್ಮಿಕ ಸಂಘ, ಸೇವಾ ಸಂಸ್ಥೆಗಳಿಗೆ ಸರಕಾರವೇ ನೇರವಾಗಿ ಕಡಿಮೆ ಬಡ್ಡಿಗೆ, 50 ವರ್ಷದ ಅವಧಿಗೆ ಸಾಲ ಕೊಡುವುದು. ಮೊದಲು ಕಟ್ಟಡದ ಖರ್ಚಿನ ನೂರಕ್ಕೆ 98ರಷ್ಟು ಸಾಲ ಸಿಗುತ್ತಿತ್ತು, ಆಮೇಲೆ ಪೂರ್ತಿ ಸಿಕ್ಕಿತು. 1965ರಲ್ಲಿ ಬಡ್ಡಿ ನೂರಕ್ಕೆ 3ಕ್ಕೆ ನಿಂತಿತು. ವಯಸ್ಸು 62 ದಾಟಿರಬೇಕು. ಸರಕಾರಿ ಮನೆಗೆ ಅರ್ಹರಾಗದ, ಪೇಟೆಯ ಬಾಡಿಗೆಯನ್ನೂ ತೆರಲಾಗದ ಮಧ್ಯದ ಜನರಿಗೆಂದು ಇದನ್ನು ಮಾಡಿದ್ದು. ಸುಮಾರು 45,000 ಮನೆಗಳು ಹೀಗೆ ಎದ್ದವು.

ಚೆನ್ನಾಗಿ ನಡೆಯುತ್ತಿದ್ದ ಈ ಸಾಲವನ್ನು 1960ರ ದಶಕದ ಕೊನೆಗೆ ನಿಲ್ಲಿಸುತ್ತ ಬಂದರು. ಹಣ ಮುಳುಗಿತೇ? ಇಲ್ಲ. ಕಾರಣ ಲೆಕ್ಕದ ಪುಸ್ತಕ. ಸರಕಾರ ನೇರ ಸಾಲ ಕೊಟ್ಟರೆ, ಮುಂದೆ ತಿರುಗಿ ಬರುವ ಹಣವಾದರೂ, ಆ ವರ್ಷದ ಬಜೆಟಿನಲ್ಲಿ ಪೂರ್ತಿ ಮೊತ್ತ ಖರ್ಚೆಂದೇ ಕಾಣುತ್ತದೆ. ಅದರ ಬದಲು ಬ್ಯಾಂಕು ಸಾಲ ಕೊಡಲಿ, ಬಡ್ಡಿಯ ವ್ಯತ್ಯಾಸವನ್ನು ಸರಕಾರ ವರ್ಷವರ್ಷ ತುಂಬಲಿ ಎಂದರೆ ಪುಸ್ತಕದಲ್ಲಿ ಸಣ್ಣ ಅಂಕಿ. 1968ರ 236ನೇ ಸೆಕ್ಷನ್ ಮಾಡಿದ್ದು ಹೀಗೆಯೇ. ನಲವತ್ತು ವರ್ಷದಲ್ಲಿ ಒಟ್ಟು ಎಷ್ಟಾಗುತ್ತದೆ ಎಂದು ಕೂಡಿಸುವವರು ಯಾರು? ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಬಡ್ಡಿಯ ಲೆಕ್ಕ ಹೇಳಿಕೊಡುವಾಗ ಈ ಉದಾಹರಣೆ ಕೊಡಬೇಕೆಂದು ನಮಗೆ ಅನಿಸಿದ್ದುಂಟು. 1973ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೊಸ ವಸತಿ ಸಹಾಯಧನಗಳಿಗೇ ತಡೆ ಹಾಕಿದರು.

1974ರ ಕಾಯಿದೆ 202ಕ್ಕೆ ಮತ್ತೆ ಜೀವ ಕೊಟ್ಟಿತು, ಹೊಸ ಜೊತೆಗಾರನನ್ನೂ ಕೊಟ್ಟಿತು. ಅದು 8ನೇ ಸೆಕ್ಷನ್, ಅಂದರೆ ಬಾಡಿಗೆ ನೆರವು. ಸರಕಾರಿ ಮನೆಯಲ್ಲಿ ಇರುವವರು ವರಮಾನದ ಕಾಲು ಭಾಗಕ್ಕಿಂತ ಹೆಚ್ಚು ಬಾಡಿಗೆ ಕೊಡಬೇಕಾಗಿಲ್ಲವೆಂದು 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿಯಿಂದ ಆಗಿತ್ತು. 1981ರಲ್ಲಿ ಅದು ನೂರಕ್ಕೆ 30 ಆಯಿತು. ಉಳಿದ ಬಾಡಿಗೆಯನ್ನು ಸರಕಾರ ಕೊಡುತ್ತದೆ. ಈಗ ಕಡು ಬಡವರೂ ಒಳಗೆ ಬರಬಹುದಾಯಿತು. ಆದರೆ ತಮಾಷೆ ನೋಡಿ: ಸರಕಾರ ಸಂಸ್ಥೆಗೆ ಸಾಲ ಕೊಡುತ್ತದೆ, ಬಾಡಿಗೆಯನ್ನೂ ಕೊಡುತ್ತದೆ, ಸಂಸ್ಥೆ ಆ ಬಾಡಿಗೆಯಿಂದ ಸರಕಾರದ ಸಾಲ ತೀರಿಸುತ್ತದೆ. ಬಲಗೈಯಿಂದ ಕೊಟ್ಟು ಎಡಗೈಯಲ್ಲಿ ತೆಗೆದುಕೊಂಡ ಹಾಗೆ.

1990ರಲ್ಲಿ ಈ ಸುತ್ತಾಟ ಬಿಟ್ಟರು. ಕಟ್ಟಲು ಸಾಲವಲ್ಲ, ಬಂಡವಾಳ ಮುಂಗಡ. 40 ವರ್ಷ ಬಡ ಹಿರಿಯರಿಗೇ ಆ ಮನೆ ಮೀಸಲಾಗಿದ್ದರೆ ಒಂದು ಡಾಲರೂ ತಿರುಗಿ ಕೊಡಬೇಕಾಗಿಲ್ಲ. ನಡೆಸುವ ಖರ್ಚಿನಲ್ಲಿ ಬಾಡಿಗೆ ಸಾಲದ ಭಾಗಕ್ಕೆ ಬೇರೆ ಒಪ್ಪಂದ. ಕೇಳಲು ಇದಕ್ಕಿಂತ ಚೆಂದದ ವ್ಯವಸ್ಥೆ ಇಲ್ಲ. ನಮ್ಮ ಮಾಸ್ಟ್ರು ಅಲ್ಲಿದ್ದರೆ ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದರು.

ಏಕೆಂದರೆ ಆ ಒಪ್ಪಂದದ ಹಣ ದಿನದ ಖರ್ಚಿಗೆ ಲೆಕ್ಕ ಹಾಕಿದ್ದು. ಸಾಲ ತೀರಿಸುವಷ್ಟು ಅದರಲ್ಲಿ ಮಿಗುವುದಿಲ್ಲ. ಒಪ್ಪಂದದ ಮೊದಲ ಅವಧಿ ಮುಗಿದ ಮೇಲೆ ವರ್ಷವರ್ಷ ನವೀಕರಣ. ಅದನ್ನು ನಂಬಿ ಯಾವ ಬ್ಯಾಂಕು ಸಾಲ ಕೊಟ್ಟೀತು? ರಿಪೇರಿಗೆ ತಿಂಗಳು ತಿಂಗಳು ಕೂಡಿಟ್ಟ ಸಣ್ಣ ನಿಧಿಯಿಂದ ಲಿಫ್ಟ್ ಬದಲಾಯಿಸುವುದು, ಇಡೀ ಮಾಡು ತೆಗೆದು ಹಾಕುವುದು ಕಷ್ಟ. ಮನೆಗೆ ಬರುವಾಗ 62 ಇದ್ದವರಿಗೆ ಈಗ 85. ಗಾಲಿಕುರ್ಚಿ ಬಚ್ಚಲಿಗೆ ಹೋಗಬೇಕು, ಹಿಡಿದುಕೊಳ್ಳಲು ಗೋಡೆಗೆ ಸರಳು ಬೇಕು. ಕಟ್ಟಡಕ್ಕೂ ಅದರೊಳಗಿನವರಿಗೂ ಒಟ್ಟಿಗೇ ವಯಸ್ಸಾಯಿತು.

ಇದಕ್ಕೆ ದಾರಿಗಳು ತಡವಾಗಿ ಬಂದವು. 1986ರ ತೆರಿಗೆ ಸುಧಾರಣೆಯಲ್ಲಿ ಒಂದು ಹೊಸ ಉಪಾಯವಿತ್ತು. ಬಡವರಿಗೆ ಬಾಡಿಗೆ ಮನೆ ಕಟ್ಟಲು ಹಣ ಹಾಕಿದವರಿಗೆ ಹತ್ತು ವರ್ಷ ಆದಾಯ ತೆರಿಗೆಯಲ್ಲಿ ಕಡಿತ. ಹಾಗಾಗಿ ಬ್ಯಾಂಕುಗಳೇ ಬಂಡವಾಳ ಹಾಕತೊಡಗಿದವು, ಪುಣ್ಯಕ್ಕಲ್ಲ, ತೆರಿಗೆ ಉಳಿಸಲು. ಇಂದು ಅಮೆರಿಕದಲ್ಲಿ ಅಗ್ಗದ ಬಾಡಿಗೆ ಮನೆಗಳ ನಿರ್ಮಾಣಕ್ಕೂ ದುರಸ್ತಿಗೂ ಇದೇ ದೊಡ್ಡ ಮೂಲ. ಹಳೆಯ 202 ಮನೆಗಳೂ ಈ ಹಣ ಬಳಸಲು 2000ದ ಕಾಯಿದೆ ಅನುಕೂಲ ಮಾಡಿತು. 2010ರ ದಶಕದ ಮೊದಲ ವರ್ಷಗಳಲ್ಲಿ 202ರ ಹೊಸ ಕಟ್ಟಡಗಳಿಗೆ ಮುಂಗಡವೇ ನಿಂತುಹೋಯಿತು, ದಶಕದ ಕೊನೆಗೆ ಸ್ವಲ್ಪ ಸ್ವಲ್ಪ ಮತ್ತೆ ಬಂತು. 1990ರ ನಂತರದ ಮನೆಗಳು ತಮ್ಮ ಒಪ್ಪಂದವನ್ನು ದೀರ್ಘಾವಧಿಯ 8ನೇ ಸೆಕ್ಷನ್ ಒಪ್ಪಂದವಾಗಿ ಬದಲಾಯಿಸಿ, ಅದನ್ನು ತೋರಿಸಿ ರಿಪೇರಿಗೆ ಸಾಲ ಎತ್ತಬಹುದೆಂದು ಆದದ್ದು 2018ರಲ್ಲಿ. 1990ರಿಂದ ಎಣಿಸಿದರೆ ಇಪ್ಪತ್ತೆಂಟು ವರ್ಷ.

ಸ್ವಂತ ಮನೆಯಿರುವ ಹಳ್ಳಿಯ ಹಿರಿಯರಿಗೆ ಬೇರೊಂದು ಯೋಜನೆ ಉಂಟು, ನಮಗೆ ತುಂಬಾ ಹಿಡಿಸಿದ್ದು ಅದು. 1949ರ ವಸತಿ ಕಾಯಿದೆಯ 504ನೇ ಸೆಕ್ಷನ್, ನಡೆಸುವುದು ಕೃಷಿ ಇಲಾಖೆ. ಮಾಡು, ಬಾವಿ, ಬಚ್ಚಲು ಸರಿಪಡಿಸಲು ನೂರಕ್ಕೆ 1ರ ಬಡ್ಡಿಗೆ 20 ವರ್ಷದ ಸಾಲ. 62 ದಾಟಿ, ಸಾಲ ತೀರಿಸಲು ಶಕ್ತಿಯಿಲ್ಲದವರಿಗೆ ಅನುದಾನ; ಮೂರು ವರ್ಷದೊಳಗೆ ಮನೆ ಮಾರಿದರೆ ಮಾತ್ರ ತಿರುಗಿ ಕೊಡಬೇಕು. ಅಜ್ಜನನ್ನು ಎಲ್ಲಿಗೋ ಕೊಂಡುಹೋಗುವುದಲ್ಲ, ಅಜ್ಜನ ಮನೆಗೆ ಮಾಡು ಹಾಕುವುದು.

ನಮ್ಮ ದೇಶದಲ್ಲಿ 2007ರಲ್ಲಿ ಎರಡು ಬಂದವು. ಒಂದು, ಹೆತ್ತವರ ಮತ್ತು ಹಿರಿಯ ನಾಗರಿಕರ ಕಾಯಿದೆ. ಅದರ 19ನೇ ಸೆಕ್ಷನ್ ಪ್ರಕಾರ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗಾಗುವ ವೃದ್ಧಾಶ್ರಮವನ್ನು ರಾಜ್ಯ ಸರಕಾರ ಸ್ಥಾಪಿಸಬಹುದು. "ಬಹುದು" ಎಂದಿದೆ, "ಬೇಕು" ಎಂದಿಲ್ಲ. ವ್ಯಾಕರಣ ಪಾಠ ಮಾಡುವವರಿಗೆ ಇದು ಕಣ್ಣಿಗೆ ಬೀಳದೆ ಇರುವುದಿಲ್ಲ. ಇನ್ನೊಂದು, ಆ ವರ್ಷದ ಕೇಂದ್ರ ಬಜೆಟಿನಲ್ಲಿ ಪ್ರಸ್ತಾಪವಾದ ರಿವರ್ಸ್ ಮಾರ್ಟ್‌ಗೇಜ್. 60 ದಾಟಿದವರು ಮನೆಯನ್ನು ಅಡವಿಟ್ಟು, ಅದರಲ್ಲೇ ವಾಸವಿದ್ದು, ಬ್ಯಾಂಕಿನಿಂದ ಕಂತುಕಂತಾಗಿ ಹಣ ಪಡೆಯುವುದು. ತೀರಿಹೋದ ಮೇಲೆ ಮಕ್ಕಳು ಸಾಲ ಕಟ್ಟಿ ಮನೆ ಬಿಡಿಸಬಹುದು, ಇಲ್ಲವಾದರೆ ಬ್ಯಾಂಕು ಮಾರುತ್ತದೆ. ಹೆಚ್ಚು ಮಂದಿ ಈ ದಾರಿಗೆ ಹೋಗಲಿಲ್ಲ. ಮಾಸ್ಟ್ರಿಗೆ ಇದನ್ನು ವಿವರಿಸಿದೆವು. ಪೂರ್ತಿ ಕೇಳಿ, "ತರವಾಡು ಮನೆಯ ಆಧಾರ ಬ್ಯಾಂಕಿಗೆ ಕೊಟ್ಟು ನಾನು ಕಾಫಿ ಕುಡಿಯುವುದಾ?" ಎಂದು ನಕ್ಕುಬಿಟ್ಟರು.

ಶಾಲೆಯ ಮಾಡಿಗೆ ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿದರು. ಎರಡು ಕೋಣೆಯ ಕೆಲಸ ಮುಗಿದಿದೆ, ಮೂರನೆಯದು ಬಾಕಿ. ಇಳಿಸಿದ ಹಂಚಿನಲ್ಲಿ ಒಡೆಯದೆ ಉಳಿದವನ್ನು ಮಾಸ್ಟ್ರ ಅಡುಗೆಕೋಣೆಗೆ ಹೊದೆಸಿಕೊಟ್ಟೆವು. ಹಂಚಿಗೆ ದುಡ್ಡು ಎಷ್ಟೆಂದು ಅವರು ಕೇಳಿದರು, ಶಾಲೆಯ ಖಾತೆಗೆ ರಶೀದಿ ಮಾಡಿಸಿಯೇ ಬಿಟ್ಟರು.