ಪಾನನಿಷೇಧದ ನಗರದಲ್ಲಿ ಒಬ್ಬ ತಾರೆ: ಗುರುದತ್ ಪಡುಕೋಣೆ ಮತ್ತು ಅವರ ಕಾಲ

ಹಿಂದಿ ಚಿತ್ರರಂಗದ ಹಳೆಯ ತಾರೆಯರ ಕುಡಿತ ಮತ್ತು ಧೂಮಪಾನಗಳನ್ನು ಜೀವನಚರಿತ್ರೆಕಾರರು ಸಾಮಾನ್ಯವಾಗಿ ಭಗ್ನಪ್ರೇಮದ ಅಥವಾ ಕಲಾವಿದನ ಒಳಬೇಗುದಿಯ ಕಥೆಯಾಗಿಯೇ ಬರೆದಿದ್ದಾರೆ. ಆದರೆ ಬೆಂಗಳೂರಿನಲ್ಲಿ ಹುಟ್ಟಿ, ಬೊಂಬಾಯಿಯಲ್ಲಿ ಹೆಸರು ಮಾಡಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡ ಗುರುದತ್ ಪಡುಕೋಣೆಯವರ ಬದುಕನ್ನು ಅವರ ಕಾಲದ ಅಬಕಾರಿ ಕಾನೂನಿನ, ಎಂದರೆ ಮದ್ಯದ ತಯಾರಿಕೆ, ಮಾರಾಟ ಮತ್ತು ತೆರಿಗೆಗಳನ್ನು ಹತೋಟಿಯಲ್ಲಿಡುವ ಕಾನೂನಿನ ಪಕ್ಕದಲ್ಲಿಟ್ಟು ನೋಡಿದರೆ, ಆ ಕುಡಿತವು ಬಾಗಿಲು ಮುಚ್ಚಿದ ಕೋಣೆಯ ಕುಡಿತವಾದುದರಲ್ಲಿ ಮನಸ್ಸಿನ ಜೊತೆಗೆ ಸರ್ಕಾರದ ಪಾಲೂ ಇತ್ತೆಂಬುದು ಕಾಣುತ್ತದೆ.

ಆ ಕಾಲದ ಕನ್ನಡ ಸೀಮೆಯಲ್ಲಿ ಕುಡಿಯುವವನು ಅಪರಾಧಿಯೋ ಅಲ್ಲವೋ ಎಂಬುದು ಅವನ ಊರು ಯಾರ ಆಳ್ವಿಕೆಗೆ ಸೇರಿತ್ತೆಂಬುದರ ಮೇಲೆ ನಿಂತಿತ್ತು. ಉದಾಹರಣೆಗೆ, ಇಂದು ಕೊಪ್ಪಳ ಜಿಲ್ಲೆಯಲ್ಲಿರುವ ನವಲಿಯು ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ ಗಂಗಾವತಿ ಸೀಮೆಯ ಊರಾಗಿತ್ತು. ಆ ಸಂಸ್ಥಾನದಲ್ಲಿ ಸೇಂದಿ, ಅಂದರೆ ಈಚಲು ಮರದಿಂದ ಇಳಿಸಿದ ಹೆಂಡ, ಬೊಕ್ಕಸದ ದೊಡ್ಡ ಆದಾಯಗಳಲ್ಲಿ ಒಂದಾಗಿದ್ದು, ಅದನ್ನು ಮಾರುವ ಹಕ್ಕನ್ನು ಹರಾಜಿನಲ್ಲಿ ಹಿಡಿಯುವ ಗುತ್ತಿಗೆಯ ಪದ್ಧತಿ ನಡೆದುಬಂದಿತ್ತು (ಗುತ್ತೇದಾರ ಎಂಬ ಅಡ್ಡಹೆಸರು ಕಲಬುರಗಿಯ ಕಡೆ ಇಂದಿಗೂ ಉಳಿದಿದೆ). ತುಂಗಭದ್ರೆಯನ್ನು ದಾಟಿ ಹೊಸಪೇಟೆಗೆ ಕಾಲಿಟ್ಟರೆ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ; 1937ರಲ್ಲಿ ಸೇಲಂನಿಂದ ಆರಂಭವಾದ ಪಾನನಿಷೇಧ 1948ರ ಹೊತ್ತಿಗೆ ಆ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು. ಪಡುವಣಕ್ಕೆ ಗದಗಿನ ಕಡೆ ಹೋದರೆ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ ಎದುರಾಗುತ್ತಿದ್ದು, ಅಲ್ಲಿ ಜಾರಿಯಾದ 1949ರ ಬೊಂಬಾಯಿ ಪಾನನಿಷೇಧ ಕಾಯ್ದೆಯೇ ಬೊಂಬಾಯಿ ನಗರದ ಸ್ಟುಡಿಯೋಗಳಿಗೂ, ಅವುಗಳ ತಾರೆಯರಿಗೂ ಅನ್ವಯಿಸುತ್ತಿತ್ತು.

ಕುಡಿತದ ದುರಂತ ಈ ಸೀಮೆಯ ಪ್ರೇಕ್ಷಕರಿಗೆ ಸಿನಿಮಾಕ್ಕಿಂತ ಮೊದಲೇ ಪರಿಚಿತವಾಗಿತ್ತು. ರಾಮ ಗಣೇಶ ಗಡಕರಿಯವರ ಮರಾಠಿ ನಾಟಕ 'ಏಕಚ್ ಪ್ಯಾಲಾ' 1919ರಲ್ಲಿ, ನಾಟಕಕಾರರು ತೀರಿಕೊಂಡ ಮೇಲೆ, ರಂಗಕ್ಕೆ ಬಂದು, ಗಂಡನ ಕುಡಿತದಲ್ಲಿ ಮನೆಯೇ ಮುಳುಗುವುದನ್ನು ಬಾಲಗಂಧರ್ವರ ಸಿಂಧುವಿನ ಪಾತ್ರದ ಮೂಲಕ ತೋರಿಸಿತ್ತು. ಸಿನಿಮಾ ಈ ಕಥೆಯನ್ನು ತಿರುವಿ ಹಾಕಿ ಕುಡುಕನನ್ನೇ ಪ್ರೇಮಮೂರ್ತಿಯನ್ನಾಗಿಸಿತು. 1935ರ ಹಿಂದಿ 'ದೇವದಾಸ್' ಚಿತ್ರದ ನಾಯಕ ಕುಂದನ್‌ಲಾಲ್ ಸೈಗಲ್ ನಿಜಜೀವನದಲ್ಲೂ ಕುಡಿತಕ್ಕೆ ಬಿದ್ದು 1947ರ ಜನವರಿ 18ರಂದು ಜಲಂಧರದಲ್ಲಿ 42ನೆಯ ವಯಸ್ಸಿಗೇ ತೀರಿಕೊಂಡರು. 'ಷಾಜಹಾನ್' (1946) ಚಿತ್ರದ ಹಾಡೊಂದನ್ನು ಕುಡಿದು ಒಮ್ಮೆ, ಕುಡಿಯದೆ ಒಮ್ಮೆ ಹಾಡಿಸಿದಾಗ ಸೈಗಲ್ ತಾವೇ ಕುಡಿಯದೆ ಹಾಡಿದ್ದನ್ನು ಮೆಚ್ಚಿದರೆಂದು ಸಂಗೀತ ನಿರ್ದೇಶಕ ನೌಷಾದ್ ಹೇಳಿಕೊಂಡಿದ್ದಾರೆ. ಕುಡಿತ ಕಲೆಗೆ ಪುಷ್ಟಿ ಕೊಡುತ್ತದೆಂಬ ನಂಬಿಕೆಗೆ ಇದಕ್ಕಿಂತ ನೇರವಾದ ಉತ್ತರ ಆ ಕಾಲದಿಂದ ಸಿಕ್ಕುವುದು ಕಷ್ಟ.

ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು. ಕುಂದಾಪುರದ ಸಮೀಪದ ಪಡುಕೋಣೆಯಿಂದ ಮನೆತನದ ಹೆಸರು ಪಡೆದ ಚಿತ್ರಾಪುರ ಸಾರಸ್ವತ ಕುಟುಂಬ ಅವರದು. ತಂದೆ ಶಿವಶಂಕರರಾಯರು ಶಿಕ್ಷಕರಾಗಿದ್ದು ಮುಂದೆ ಬ್ಯಾಂಕಿನ ಕೆಲಸಕ್ಕೆ ಸೇರಿದವರು, ತಾಯಿ ವಾಸಂತಿಯವರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಕಲ್ಕತ್ತದ ಬಾಲ್ಯ, ಅಲ್ಮೋರಾದ ಉದಯಶಂಕರರ ನೃತ್ಯಶಾಲೆ, 1944ರಿಂದ ಪುಣೆಯ ಪ್ರಭಾತ್ ಕಂಪನಿ, ಇವುಗಳನ್ನು ದಾಟಿ ಅವರು 1951ರಲ್ಲಿ 'ಬಾಜಿ' ಚಿತ್ರದ ನಿರ್ದೇಶಕರಾದರು. ಅದರ ಗಾಯಕಿ ಗೀತಾ ರಾಯ್ ಅವರನ್ನು 1953ರಲ್ಲಿ ಮದುವೆಯಾದರು.

ಅವರ ವೃತ್ತಿಜೀವನ ಹೆಚ್ಚುಕಡಿಮೆ ಪೂರ್ತಿಯಾಗಿ ಪಾನನಿಷೇಧದ ಬೊಂಬಾಯಿಯಲ್ಲಿಯೇ ನಡೆಯಿತೆಂಬುದನ್ನು ಇಲ್ಲಿ ಗಮನಿಸಬೇಕು. ಆ ಕಾಯ್ದೆಯಡಿ ಮದ್ಯ ಸೇವಿಸಲು ಪರ್ಮಿಟ್ ಬೇಕಾಗಿತ್ತು, ಮತ್ತು ಪರ್ಮಿಟ್ ಸಿಗಬೇಕಾದರೆ ಕುಡಿಯದಿದ್ದರೆ ಆರೋಗ್ಯ ಕೆಡುತ್ತದೆಂದು ವೈದ್ಯರಿಂದ ಬರೆಸಿಕೊಳ್ಳಬೇಕಾಗುತ್ತಿತ್ತು; ಹೀಗಾಗಿ ಉಳ್ಳವನ ಕುಡಿತ ಕಾಗದದ ಮೇಲೆ ಔಷಧವಾಯಿತು, ಬಡವನದು ಮಾತ್ರ ಅಪರಾಧವಾಗಿ ಉಳಿಯಿತು. ಪರ್ಮಿಟ್ ಇಲ್ಲದವರಿಗೆ ಗೋವಾದ ಕ್ರೈಸ್ತ ಮಹಿಳೆಯರು ಮನೆಗಳಲ್ಲೇ ನಡೆಸುತ್ತಿದ್ದ, 'ಆಂಟಿ' ಎಂಬ ಹೆಸರಿನಿಂದಲೇ ಪ್ರಸಿದ್ಧವಾದ ಅಡ್ಡೆಗಳಿದ್ದವು. ನಾಲ್ವರ ಕಣ್ಣೆದುರು ಕುಳಿತು ಕುಡಿಯುವ ಜಾಗ ಇಲ್ಲವಾದಾಗ ತಾರೆಯರ ಕುಡಿತ ಮನೆಯೊಳಕ್ಕೆ ಸರಿಯಿತು, ಮತ್ತು ಇಂಥವನು ಹೆಚ್ಚು ಕುಡಿಯುತ್ತಿದ್ದಾನೆಂದು ಹೇಳುವವರು ಸಂಬಳದ ಆಳುಗಳು ಮತ್ತು ಹೆದರಿದ ಬಂಧುಗಳಷ್ಟೇ ಆದರು.

ಸಿಗರೇಟಿಗೆ ಇಂತಹ ಯಾವ ತಡೆಯೂ ಇರಲಿಲ್ಲ. ಗುರುದತ್ ಕೈಬಿಡದೆ ಸೇದುತ್ತಿದ್ದವರು. ಆ ಕಾಲದ ತೆರೆಯ ಮೇಲೆ ಹೊಗೆಯು ನಾಯಕನ ಚಿಂತೆಗೂ ಠೀವಿಗೂ ಒಂದೇ ಗುರುತಾಗಿತ್ತು, 'ಹಮ್ ದೋನೋ' (1961) ಚಿತ್ರದಲ್ಲಿ ದೇವ್ ಆನಂದರ ಲೈಟರ್ ಒಂದು ಪಾತ್ರವೇ ಆಗಿಬಿಟ್ಟಿತ್ತು. ತಂಬಾಕು ಮತ್ತು ಶ್ವಾಸಕೋಶದ ಕ್ಯಾನ್ಸರ್ ನಡುವಿನ ನಂಟನ್ನು ಡಾಲ್ ಮತ್ತು ಹಿಲ್ ಎಂಬ ಬ್ರಿಟಿಷ್ ಸಂಶೋಧಕರು 1950ರಲ್ಲಿಯೇ ಪ್ರಕಟಿಸಿದ್ದರೂ, ಭಾರತದಲ್ಲಿ ಸಿಗರೇಟು ಪೊಟ್ಟಣದ ಮೇಲೆ ಎಚ್ಚರಿಕೆಯ ಸಾಲನ್ನು ಕಡ್ಡಾಯ ಮಾಡಿದ ಕಾಯ್ದೆ ಬಂದದ್ದು 1975ರಲ್ಲಿ.

ಗುರುದತ್ ಅವರ ಚಿತ್ರಗಳ ಬೆಳಕು ಮೈಸೂರಿನವರದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 'ಜಾಲ್'ನಿಂದ (1952) ಅವರ ಜೊತೆಗಿದ್ದು, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ 'ಕಾಗಜ್ ಕೆ ಫೂಲ್'ನಲ್ಲಿ (1959) ಸೂರ್ಯನ ಬೆಳಕನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ಹಾಯಿಸಿ, ಧೂಳಿನ ನಡುವೆ ಇಳಿಯುವ ಬೆಳಕಿನ ಕೋಲೊಂದನ್ನು ಸೃಷ್ಟಿಸಿದರು. ಆ ಚಿತ್ರದ ನಾಯಕ ಸುರೇಶ್ ಸಿನ್ಹಾ ಒಬ್ಬ ನಿರ್ದೇಶಕ. ಎಲ್ಲವನ್ನೂ ಕಳೆದುಕೊಂಡು ಕುಡಿತಕ್ಕೆ ಬಿದ್ದು ಕೊನೆಗೆ ಸ್ಟುಡಿಯೋದ ನಿರ್ದೇಶಕನ ಕುರ್ಚಿಯಲ್ಲಿಯೇ ಸಾಯುತ್ತಾನೆ. ಚಿತ್ರ ಸೋತಿತು, ಗುರುದತ್ ಆಮೇಲೆ ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಇದನ್ನು ಭವಿಷ್ಯವಾಣಿಯೆಂದು ಕೊಂಡಾಡುವ ವಿಮರ್ಶೆ ಬೇಕಾದಷ್ಟಿದೆ; ಆದರೆ ಆ ಚಿತ್ರ ಕುಡಿತವನ್ನು ಸೋಲಿನ ಫಲವಾಗಿ ಮಾತ್ರ ಕಂಡಿತು, ಅದೇ ಒಂದು ಕಾರಣವಾಗಬಲ್ಲದೆಂಬುದನ್ನು ಕಾಣಲಿಲ್ಲ.

ಆ ಕೊರತೆಯನ್ನು ತುಂಬಿದ್ದು 1962ರ 'ಸಾಹಿಬ್ ಬೀಬಿ ಔರ್ ಗುಲಾಮ್'. ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯನ್ನು ಆಧರಿಸಿ ಅಬ್ರಾರ್ ಅಲ್ವಿ ನಿರ್ದೇಶಿಸಿದ ಈ ಚಿತ್ರದಲ್ಲಿ ಜಮೀನ್ದಾರರ ಮನೆಯ ಚೋಟಿ ಬಹೂ, ರಾತ್ರಿಯೆಲ್ಲ ಹೊರಗೆ ಕಳೆಯುವ ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲೆಂದೇ ಕುಡಿಯಲು ಕಲಿಯುತ್ತಾಳೆ. ಗಂಡ ಉಳಿಯುವುದಿಲ್ಲ, ಕುಡಿತ ಉಳಿಯುತ್ತದೆ. ಸಿಂಧುವಿನಂತೆ ಇವಳು ಇನ್ನೊಬ್ಬರ ಕುಡಿತಕ್ಕೆ ಬಲಿಯಾದವಳಲ್ಲ, ಮೊದಮೊದಲು ಅಸಹ್ಯದಿಂದ ಮುಟ್ಟಿದ ಲೋಟವನ್ನು ಆಮೇಲೆ ಬಿಡಲಾರದವಳು. ಈ ಹಂತ ಹಂತದ ಇಳಿತವನ್ನು ಆ ಕಾಲದ ಯಾವ 'ದೇವದಾಸ್' ಕೂಡ ಇಷ್ಟು ನಿಖರವಾಗಿ ತೋರಿಸಿರಲಿಲ್ಲ. ಪಾತ್ರ ಮಾಡಿದವರು ಮೀನಾ ಕುಮಾರಿ, ಅವಳಿಗಾಗಿ ಹಾಡಿದವರು ಗೀತಾ ದತ್, ನಿರ್ಮಿಸಿದವರು ಗುರುದತ್. ಮೂವರನ್ನೂ ಮದ್ಯ ಹತ್ತು ವರ್ಷಗಳೊಳಗೆ, ಅಥವಾ ಹತ್ತನೆಯ ವರ್ಷದಲ್ಲಿ, ಕೊಂಡೊಯ್ದಿತು.

1964ರ ಅಕ್ಟೋಬರ್ 10ರ ಬೆಳಿಗ್ಗೆ ಗುರುದತ್ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ, ಒಬ್ಬರೇ ಇದ್ದ ಕೋಣೆಯಲ್ಲಿ, ಶವವಾಗಿ ಕಂಡರು. ಮದ್ಯದೊಂದಿಗೆ ನಿದ್ರೆಯ ಗುಳಿಗೆಗಳು ಸೇರಿದ್ದವು. ಅದು ಬೇಕೆಂದೇ ಆದುದೋ, ಆಕಸ್ಮಿಕವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಕುಟುಂಬದವರು ಆಕಸ್ಮಿಕವೆಂದೇ ಹೇಳಿದ್ದಾರೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಎರಡನೆಯದೂ ಸುಲಭವಾಗಿ ನಂಬುವಂಥದು, ಏಕೆಂದರೆ ಮದ್ಯ ಮತ್ತು ನಿದ್ರೆಯ ಔಷಧ ಎರಡೂ ಉಸಿರಾಟವನ್ನು ನಡೆಸುವ ಮಿದುಳಿನ ಭಾಗವನ್ನೇ ಮಂಕಾಗಿಸುವುದರಿಂದ, ಬೇರೆ ಬೇರೆಯಾಗಿ ತಾಳಿಕೊಳ್ಳಬಹುದಾದ ಪ್ರಮಾಣಗಳು ಒಟ್ಟುಗೂಡಿದಾಗ ಉಸಿರನ್ನೇ ನಿಲ್ಲಿಸಬಲ್ಲವು. ಅರ್ಧಕ್ಕೆ ನಿಂತ 'ಬಹಾರೇಂ ಫಿರ್ ಭೀ ಆಯೇಂಗಿ' ಧರ್ಮೇಂದ್ರ ಅವರ ಪಾಲಾಗಿ 1966ರಲ್ಲಿ ತೆರೆಕಂಡಿತು, ಕೆ. ಆಸಿಫ್ ಅವರ 'ಲವ್ ಅಂಡ್ ಗಾಡ್' ಸಂಜೀವ್ ಕುಮಾರ್ ಅವರಿಗೆ ಹೋಯಿತು.

ಉಳಿದಿಬ್ಬರದು ನಿಧಾನದ ಸಾವು. ನಿದ್ರೆ ಬಾರದ ಮೀನಾ ಕುಮಾರಿಗೆ ವೈದ್ಯರು ಸೂಚಿಸಿದ ಒಂದು ಗುಟುಕು ಬ್ರಾಂದಿಯಿಂದಲೇ ಅಭ್ಯಾಸ ಆರಂಭವಾಯಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ; 'ಪಾಕೀಜಾ' ಬಿಡುಗಡೆಯಾದ ಎರಡು ತಿಂಗಳೊಳಗೆ, 1972ರ ಮಾರ್ಚ್ 31ರಂದು, ಅವರು ಸಿರೋಸಿಸ್‌ನಿಂದ, ಅಂದರೆ ಯಕೃತ್ತಿನ ಜೀವಕೋಶಗಳು ಸತ್ತು ಅಲ್ಲಿ ಗಾಯದ ಕಲೆಯಂತೆ ಗಟ್ಟಿ ಊತಕ ಬೆಳೆಯುವ ಕಾಯಿಲೆಯಿಂದ, 38ನೆಯ ವಯಸ್ಸಿನಲ್ಲಿ ತೀರಿಕೊಂಡರು. 'ಅನುಭವ್' (1971) ಚಿತ್ರದಲ್ಲಿ ಮತ್ತೊಮ್ಮೆ ತಮ್ಮ ಕಂಠದ ಕಸುವನ್ನು ತೋರಿಸಿದ್ದ ಗೀತಾ ದತ್ 1972ರ ಜುಲೈ 20ರಂದು ಅದೇ ಕಾಯಿಲೆಗೆ ಬಲಿಯಾದರು.

ಅಷ್ಟರಲ್ಲಿ ಕನ್ನಡ ನಾಡಿನ ಕಾನೂನು ಬದಲಾಗಿತ್ತು. 1956ರಲ್ಲಿ ಒಂದೇ ರಾಜ್ಯವಾದ ಮೇಲೂ ಬೊಂಬಾಯಿ, ಮದ್ರಾಸ್, ಹೈದರಾಬಾದ್ ಸೀಮೆಗಳಿಂದ ಬಂದ ಬೇರೆ ಬೇರೆ ಅಬಕಾರಿ ನಿಯಮಗಳು ಉಳಿದಿದ್ದು, 1967ರಲ್ಲಿ ನಿಜಲಿಂಗಪ್ಪನವರ ಸರ್ಕಾರ ಪಾನನಿಷೇಧವನ್ನು ಕೈಬಿಟ್ಟಿತು. ಕನ್ನಡ ತೆರೆಯ ಮೇಲೆ ಮಾತ್ರ ಇನ್ನೊಂದು ಬಗೆಯ ನಿಷೇಧ ಯಾವ ಕಾಯ್ದೆಯೂ ಇಲ್ಲದೆ ನಡೆಯುತ್ತಿತ್ತು: 'ಬೇಡರ ಕಣ್ಣಪ್ಪ'ದಿಂದ (1954) ಬಂದ ರಾಜ್‌ಕುಮಾರ್ ಸಿಗರೇಟು, ಮದ್ಯಗಳನ್ನು ತಮ್ಮ ಪಾತ್ರಗಳಿಂದ ಬಹುಮಟ್ಟಿಗೆ ದೂರವಿಟ್ಟರು, ಅಭಿಮಾನಿಗಳು ಅದನ್ನೇ ನಾಯಕನ ಲಕ್ಷಣವೆಂದು ಒಪ್ಪಿಕೊಂಡರು, ಬಾಟಲಿ ಖಳನಟರ ಪಾಲಿಗೆ ಉಳಿಯಿತು. ಗುರುದತ್ ಅವರ ಮುಖದ ಮೇಲೆ ಬೆಳಕು ಚೆಲ್ಲಿದ ಮೂರ್ತಿಯವರು ಕನ್ನಡದ 'ಹೂವು ಹಣ್ಣು' ಚಿತ್ರಕ್ಕೂ ಛಾಯಾಗ್ರಹಣ ಮಾಡಿ, ಕೊನೆಗಾಲದಲ್ಲಿ ಬೆಂಗಳೂರಿಗೆ ಮರಳಿ, 2008ನೆಯ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾಗಿ, 2014ರ ಏಪ್ರಿಲ್ 7ರಂದು 90ನೆಯ ವಯಸ್ಸಿನಲ್ಲಿ ನಿಧನರಾದರು.