ಬ್ಯಾಡ್ಜಿನ ಸಾಕ್ಷಿಗೆ ಪಾಟೀಸವಾಲು

ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಲಸಗಾರನಿಗೆ ಎಷ್ಟು ತಗುಲಿತು ಅನ್ನೋದಕ್ಕೆ ಎದೆಯ ಮೇಲಿನ ಬ್ಯಾಡ್ಜೇ ಸಾಕ್ಷಿ. ಆ ಸಾಕ್ಷಿಯನ್ನು ಪರೀಕ್ಷಿಸುವುದು ಹೇಗೆ ಅನ್ನೋದೇ ಇಲ್ಲಿಯ ಪ್ರಶ್ನೆ.

1940ರ ದಶಕದಲ್ಲಿ ಷಿಕಾಗೋದಲ್ಲಿ ಅರ್ನೆಸ್ಟ್ ವೊಲನ್ ಫಿಲ್ಮ್ ಬ್ಯಾಡ್ಜ್ ರೂಪಿಸಿದರು. ಫಿಲ್ಮ್ ಕಪ್ಪಾದಷ್ಟೂ ಡೋಸ್ ಹೆಚ್ಚು. ಆದರೆ ಸೆಕೆ, ತೇವ ತಾಗಿದರೆ ಲೆಕ್ಕ ತಪ್ಪುತ್ತಿತ್ತು. ಭಾರತದಲ್ಲಿ 1975ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಟಿಎಲ್‌ಡಿ ಬ್ಯಾಡ್ಜ್ ಬಳಕೆಗೆ ಬಂತು. ಅದರೊಳಗಿನ ಮೂರು ಬಿಲ್ಲೆಗಳನ್ನು ಕಾಯಿಸಿದಾಗ ಹೊಮ್ಮುವ ಬೆಳಕೇ ಡೋಸಿನ ಅಳತೆ.

ಪರೀಕ್ಷೆಯ ಕ್ರಮ ಸರಳ. ಕೆಲವು ಬ್ಯಾಡ್ಜುಗಳಿಗೆ ಗೊತ್ತಿರುವ ಡೋಸ್ ಕೊಟ್ಟು, ಎಷ್ಟೆಂದು ಹೇಳದೆ ಅಳೆಯುವ ಪ್ರಯೋಗಾಲಯಕ್ಕೆ ಕಳಿಸ್ತಾರೆ. ಉತ್ತರವನ್ನು ನಿಜದ ಜೊತೆ ಹೋಲಿಸ್ತಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಪರೀಕ್ಷೆಯೇ ಮಾನ್ಯತೆಗೆ ಆಧಾರವಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಮಿತಿಯ ಹತ್ತಿರದ ಡೋಸಿಗೆ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಒಪ್ಪುವ ವ್ಯತ್ಯಾಸ ಎರಡೂ ಕಡೆಗೆ ಒಂದೂವರೆ ಪಟ್ಟು. ಭಾರತದಲ್ಲಿ ಐದು ವರ್ಷದ ಸರಾಸರಿಯಲ್ಲಿ ವಾರ್ಷಿಕ ಮಿತಿ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷಕ್ಕೆ 30. ಅಂದರೆ, ನಿಜವಾದ ಡೋಸ್ 30 ಇದ್ದು ಬ್ಯಾಡ್ಜ್ 20 ಅಂತ ತೋರಿಸಿದರೂ ಅದು ಪಾಸು! ಹಾಗಾಗಿ ಕೆಲಸಗಾರನ ಕೈಗೆ ಬರೀ ಅಂಕಿ ಸಾಲದು. ಆ ಅಂಕಿಯನ್ನು ಎಷ್ಟು ನಂಬಬಹುದು ಅನ್ನೋದೂ ಅವನಿಗೆ ತಿಳಿಯಬೇಕು.