ಅರಿವೆಗೊಂಬೆ ಮತ್ತು ವೀರಗಲ್ಲು

ಕುಬಿಹಾಳದಿಂದ ಹುಬ್ಬಳ್ಳಿಗೆ ಕಾಲೇಜಿಗೆ ಹೋಗುತ್ತಿದ್ದ ನಮ್ಮ ಓರಗೆಯವರಿಗೆ ಸೈಬರ್ ಕೆಫೆ ಎಂದರೆ ಕೌಂಟರ್ ಸ್ಟ್ರೈಕ್. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಸಾಲಾಗಿ ಕೂತು, ಒಬ್ಬರನ್ನೊಬ್ಬರು ಗುಂಡಿಟ್ಟು ಕೆಡಹುತ್ತಿದ್ದೆವು. ಆ ಆಟದಲ್ಲಿ ನಮಗೆ ನಗು ಬರಿಸುವ ಒಂದು ದೃಶ್ಯವಿತ್ತು. ಮಾಳಿಗೆಯ ಅಂಚಿನಲ್ಲಿ ಸತ್ತವನು ಕೆಳಗೆ ಬೀಳುತ್ತಿರಲಿಲ್ಲ. ಅರ್ಧ ದೇಹ ಹಲಗೆಯಂತೆ ಗಾಳಿಯಲ್ಲಿ ಚಾಚಿಕೊಂಡೇ ಮಲಗಿರುತ್ತಿತ್ತು. ಗೋಡೆಯ ಮಗ್ಗುಲಿಗೆ ಸತ್ತವನ ಕಾಲು ಗೋಡೆಯೊಳಗೇ ತೂರಿರುತ್ತಿತ್ತು. ಮುಂದೆ ಬಂದ ಆಟಗಳಲ್ಲಿ ಈ ನಗುವಿಗೆ ಅವಕಾಶವಿರಲಿಲ್ಲ. ಅಲ್ಲಿ ಸತ್ತವರು ಮೆಟ್ಟಿಲ ಮೇಲೆ ಉರುಳಿದರು, ಕಟ್ಟೆಯಿಂದ ಜಾರಿದರು, ಕೈಕಾಲು ಸಡಿಲಬಿಟ್ಟು ಮುದ್ದೆಯಾದರು.

ಈ ಬದಲಾವಣೆಯನ್ನು ತಂದ ತಂತ್ರದ ಹೆಸರು ರ‍್ಯಾಗ್‌ಡಾಲ್ ಫಿಸಿಕ್ಸ್. ರ‍್ಯಾಗ್‌ಡಾಲ್ ಎಂದರೆ ನಮ್ಮ ಕಡೆಯ ಮಾತಿನಲ್ಲಿ ಅರಿವೆಗೊಂಬೆ. ಅದರ ಚರಿತ್ರೆ ಚಿಕ್ಕದು, ಆದರೆ ಅದು ಮುಟ್ಟುವ ಪ್ರಶ್ನೆ ಬಹಳ ಹಳೆಯದು: ಆಯುಧಕ್ಕೆ ಸಿಕ್ಕಿ ಸಾಯುವ ಮನುಷ್ಯನನ್ನು ಚಿತ್ರಿಸುವಾಗ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು?

1993ರ ಡೂಮ್ ಆಟದಲ್ಲಿ ಸಾವು ಎಂದರೆ ಮೊದಲೇ ಸಿದ್ಧಪಡಿಸಿಟ್ಟ ಕೆಲವು ಚಿತ್ರಗಳ ಸರಣಿ. 1997ರ ಗೋಲ್ಡನ್ ಐ ಆಟ ಒಂದು ಹೆಜ್ಜೆ ಮುಂದೆ ಹೋಯಿತು. ಗುಂಡು ಕೈಗೆ ತಗುಲಿದರೆ ಒಂದು ಬಗೆ, ಕಾಲಿಗೆ ತಗುಲಿದರೆ ಇನ್ನೊಂದು ಬಗೆಯ ಪ್ರತಿಕ್ರಿಯೆ. ಆದರೂ ಅವೆಲ್ಲ ಮೊದಲೇ ಕಟ್ಟಿಟ್ಟ ಚಲನೆಗಳೇ. ಕಟ್ಟಿಟ್ಟ ಚಲನೆಗೆ ತನ್ನ ಕೆಳಗೆ ನೆಲವಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಕೌಂಟರ್ ಸ್ಟ್ರೈಕ್‌ನ ಹೆಣ ಗಾಳಿಯಲ್ಲಿ ನಿಂತದ್ದು ಇದರಿಂದಲೇ.

1998ರಲ್ಲಿ ಜುರಾಸಿಕ್ ಪಾರ್ಕ್ ಸಿನಿಮಾದ ಜಗತ್ತನ್ನು ಇಟ್ಟುಕೊಂಡು ಟ್ರೆಸ್‌ಪಾಸರ್ ಎಂಬ ಆಟ ಬಂತು. ಅದರಲ್ಲಿ ಡೈನೋಸಾರುಗಳ ದೇಹಗಳು ಭೌತಶಾಸ್ತ್ರದ ಲೆಕ್ಕದಂತೆ ಚಲಿಸಬೇಕು, ಬೀಳಬೇಕು ಎಂಬುದು ತಯಾರಕರ ಆಸೆ. ಅಂದಿನ ಕಂಪ್ಯೂಟರುಗಳಿಗೆ ಆ ಲೆಕ್ಕ ಭಾರವಾಯಿತು, ಆಟ ಸೋತಿತು. ಎರಡು ವರ್ಷದ ನಂತರ, 2000ದಲ್ಲಿ, ಡೆನ್ಮಾರ್ಕಿನ ಐಒ ಇಂಟರಾಕ್ಟಿವ್ ಸಂಸ್ಥೆಯ ಹಿಟ್‌ಮ್ಯಾನ್ ಆಟಕ್ಕಾಗಿ ಥಾಮಸ್ ಯಾಕೋಬ್ಸನ್ ಹಗುರವಾದ ದಾರಿಯೊಂದನ್ನು ಬಳಸಿದರು. ಅದರ ಮೂಲ ಫ್ರಾನ್ಸಿನ ಭೌತವಿಜ್ಞಾನಿ ಲೂ ವೆರ್ಲೆ 1967ರಲ್ಲಿ ಅಣುಗಳ ಚಲನೆಯನ್ನು ಲೆಕ್ಕ ಹಾಕಲು ಬಳಸಿದ ವಿಧಾನ.

ವಿಧಾನ ಸರಳ. ದೇಹದ ಕೀಲುಗಳನ್ನು ಬಿಂದುಗಳೆಂದೂ ಮೂಳೆಗಳನ್ನು ಆ ಬಿಂದುಗಳ ನಡುವಿನ ಕಡ್ಡಿಗಳೆಂದೂ ಭಾವಿಸಬೇಕು. ಒಂದು ಬಿಂದು ಈಗ ಎಲ್ಲಿದೆ, ಕ್ಷಣದ ಹಿಂದೆ ಎಲ್ಲಿತ್ತು ಎಂಬ ಎರಡನ್ನು ಮಾತ್ರ ನೆನಪಿಟ್ಟುಕೊಂಡರೆ ಮುಂದಿನ ಜಾಗ ತಿಳಿಯುತ್ತದೆ. ಆಮೇಲೆ ಕಡ್ಡಿಗಳ ಉದ್ದ ಕೆಡದಂತೆ ಬಿಂದುಗಳನ್ನು ಮತ್ತೆ ಮತ್ತೆ ಜಗ್ಗಿ ಸರಿಪಡಿಸಬೇಕು. ಬದುಕಿದ್ದಾಗ ಪಾತ್ರ ಕಟ್ಟಿಟ್ಟ ಚಲನೆಯಂತೆ ನಡೆಯುತ್ತದೆ. ಸತ್ತ ಕ್ಷಣ ಆ ಚಲನೆಯನ್ನು ಕಳಚಿ, ದೇಹವನ್ನು ಗುರುತ್ವಕ್ಕೆ ಒಪ್ಪಿಸಲಾಗುತ್ತದೆ. 1998ರಲ್ಲೇ ಡಬ್ಲಿನ್‌ನಲ್ಲಿ ಶುರುವಾಗಿದ್ದ ಹ್ಯಾವೊಕ್ ಎಂಬ ಸಂಸ್ಥೆ ಇಂಥ ಲೆಕ್ಕಗಳನ್ನು ಮಾಡಿಕೊಡುವ ಸಿದ್ಧ ತಂತ್ರಾಂಶವನ್ನು ಮಾರಿತು. ಅದನ್ನು ಬಳಸಿದ ಮ್ಯಾಕ್ಸ್ ಪೇನ್ 2 (2003) ಮತ್ತು ಹಾಫ್ ಲೈಫ್ 2 (2004) ಬಂದ ಮೇಲೆ ಅರಿವೆಗೊಂಬೆ ಎಲ್ಲ ಆಟಗಳ ರೂಢಿಯಾಯಿತು.

ಇದನ್ನು 'ನೈಜ' ಎಂದು ಹೊಗಳುತ್ತಾರೆ. ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಎಕೆ-47 ಬಂದೂಕಿನ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 715 ಮೀಟರ್. ಆ ಗುಂಡಿನ ಪೂರ್ತಿ ಹೊಡೆತ 60 ಕಿಲೋ ತೂಕದ ಮನುಷ್ಯನ ಮೇಲೆ ಬಿದ್ದರೂ ಅವನ ದೇಹಕ್ಕೆ ಸಿಗುವ ವೇಗ ಸೆಕೆಂಡಿಗೆ 10 ಸೆಂಟಿಮೀಟರ್‌ಗಿಂತ ಕಡಿಮೆ. ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆದರೆ ಸಾಕು: ಗುಂಡು ತಗುಲಿದವನು ಹಾರಿ ಬೀಳುವುದಾದರೆ ಹೊಡೆದವನೂ ಹಿಂದಕ್ಕೆ ಹಾರಬೇಕಿತ್ತು. ಎಂದರೆ, ಆಟದಲ್ಲಿ ದೇಹ ಉರುಳುವ ಬಗೆ ಭೌತಶಾಸ್ತ್ರದ್ದು, ಆದರೆ ಅದನ್ನು ಹಾರಿಸುವ ಹೊಡೆತ ಸಿನಿಮಾದ್ದು.

ಈ ಸುಳ್ಳು ಬೇಕಾದದ್ದು ಆಡುವವನ ತೃಪ್ತಿಗೆ. ಬಂದೂಕಿನ ಸದ್ದು, ನಳಿಗೆಯ ಬೆಂಕಿ, ಪರದೆಯ ಅದುರು, ಒಂದೇ ಸಮನೆ ಹೊಡೆದಾಗ ಮೇಲಕ್ಕೆ ಏಳುವ ಗುರಿಯನ್ನು ಮೌಸಿನಿಂದ ಕೆಳಕ್ಕೆಳೆದು ಹಿಡಿಯುವ ಕೈಚಳಕ, ಇವೆಲ್ಲ ಕೂಡಿ ಒಂದು ಪ್ರಶ್ನೆ ಕೇಳುತ್ತವೆ. ಅದಕ್ಕೆ ಎದುರಿನ ದೇಹ ಬಿದ್ದು ಉತ್ತರ ಕೊಡುತ್ತದೆ. ನಾನೂ ಆಡಿದವನು, ಆ ಸುಖ ಇಲ್ಲವೆನ್ನಲಾರೆ. 2008ರ ಗ್ರ್ಯಾಂಡ್ ಥೆಫ್ಟ್ ಆಟೋ 4 ಆಟದಲ್ಲಿ ಯೂಫೋರಿಯಾ ಎಂಬ ತಂತ್ರ ಬಂದಾಗ ಮಾತ್ರ ಸ್ವಲ್ಪ ಕಸಿವಿಸಿಯಾಯಿತು. ಅಲ್ಲಿ ಪೆಟ್ಟು ತಿಂದವನು ಕೂಡಲೇ ಗೊಂಬೆಯಾಗುವುದಿಲ್ಲ. ತೋಲ ಹಿಡಿಯಲು ಹೆಜ್ಜೆ ಹಾಕುತ್ತಾನೆ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳಲು ನೋಡುತ್ತಾನೆ. ಬೀಳಬಾರದೆಂಬ ಆ ಹಟದಲ್ಲೇ ಬದುಕಿರುವವನ ಗುರುತು ಇದೆ.

ಈಗ ಹಳೆಯ ಪ್ರಶ್ನೆಗೆ ಬರುತ್ತೇನೆ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಮಗ್ಗುಲಿಗೋ ಕೆರೆಯ ದಂಡೆಗೋ ವೀರಗಲ್ಲುಗಳು ಕಾಣಸಿಗುತ್ತವೆ. ತುರುಗೋಳಿನಲ್ಲಿ ದನ ಬಿಡಿಸಿಕೊಳ್ಳಲು, ಊರಳಿವಿನಲ್ಲಿ ಊರು ಕಾಯಲು, ಹೆಣ್ಣಿನ ಮಾನ ಉಳಿಸಲು ಸತ್ತವರ ಕಲ್ಲುಗಳು ಅವು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಕೆಳಗಿನ ಅಂತಸ್ತಿನಲ್ಲಿ ಅವನು ನಿಂತು ಹೋರಾಡುತ್ತಿದ್ದಾನೆ, ನಡುವಿನದರಲ್ಲಿ ಆಗಲೇ ಹೊರಟಿದ್ದಾನೆ. ಅವನು ಬಿದ್ದ ಕ್ಷಣ ಹೆಚ್ಚಿನ ಕಲ್ಲುಗಳಲ್ಲಿ ಇಲ್ಲ. ಅದು ಎರಡು ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅಡಗಿದೆ. ಎಷ್ಟೋ ಕಲ್ಲುಗಳಲ್ಲಿ ಆ ಪಟ್ಟಿಯ ಮೇಲೆಯೇ ಶಾಸನವನ್ನು ಕೊರೆದಿರುತ್ತಾರೆ: ಇವನು ಯಾರು, ಯಾತಕ್ಕಾಗಿ ಸತ್ತ.

ಗುಂಡಿನ ಆಟ ಇದಕ್ಕೆ ಸರಿಯಾಗಿ ತಿರುವುಮುರುವು. ಶಿಲ್ಪಿ ಬಿಟ್ಟ ಆ ಒಂದು ಕ್ಷಣವನ್ನು ಅದು ಹತ್ತಾರು ವರ್ಷ ತಿದ್ದಿ ತೀಡಿತು. ಶಿಲ್ಪಿ ಕೊರೆದ ಉಳಿದದ್ದನ್ನೆಲ್ಲ ಬಿಟ್ಟಿತು. ಬಿದ್ದ ದೇಹಗಳು ಹೆಚ್ಚಾದರೆ ಲೆಕ್ಕ ಭಾರವಾಗುತ್ತದೆಂದು ಹಲವು ಆಟಗಳು ಹಳೆಯ ಹೆಣಗಳನ್ನು ಅಳಿಸಿಹಾಕುತ್ತವೆ. 2020ರ ಸೆಪ್ಟೆಂಬರಿನಲ್ಲಿ ನಿಷೇಧಕ್ಕೊಳಗಾದ ಪಬ್‌ಜಿ ಮೊಬೈಲ್‌ನಲ್ಲಿ, 2021ರಲ್ಲಿ ಅದರ ಜಾಗಕ್ಕೆ ಬಂದ ಬಿಜಿಎಂಐ ಆಟದಲ್ಲಿ, ಸತ್ತವನು ಒಂದು ಪೆಟ್ಟಿಗೆಯಾಗಿ ಉಳಿಯುತ್ತಾನೆ. ಗೆದ್ದವನು ಅದರಿಂದ ಸಾಮಾನು ತೆಗೆದುಕೊಂಡು ಮುಂದೆ ಓಡುತ್ತಾನೆ. ಆಟದಲ್ಲಿ ಅದು ಸಹಜ, ಅಲ್ಲಿ ನಿಜವಾಗಿ ಸತ್ತವರು ಯಾರೂ ಇಲ್ಲ. ಆದರೆ ಗುಂಡೇಟಿನ ಸಾವನ್ನು ಮೊದಲು ಪರದೆಯ ಮೇಲೆ ಕಂಡ ತಲೆಮಾರಿಗೆ ಬೀಳುವ ಬಗೆಯೇ ಸಾವಿನ ನಿಜವೆಂದು ತೋರಿದರೆ ಅಚ್ಚರಿಯಿಲ್ಲ.

ನಮ್ಮ ಜಿಲ್ಲೆಗೆ ನಿಜವಾದ ಗುಂಡಿನ ನೆನಪೂ ಇದೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತಾಗ ಪೊಲೀಸರ ಗುಂಡಿಗೆ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದ ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ವರ್ಷ ವರ್ಷವೂ ಆ ದಿನ ರೈತರು ಸೇರುತ್ತಾರೆ, ನರಗುಂದದ ವೀರಗಲ್ಲಿಗೆ ಮಾಲೆ ಹಾಕುತ್ತಾರೆ. ನಾಲ್ಕು ದಶಕಗಳ ಮೇಲೂ ಉಳಿದಿರುವುದು ಇಬ್ಬರ ಹೆಸರು, ಅವರ ಊರು, ಕಾಲುವೆ ನೀರಿನ ಆ ಜಗಳ. ಅವರು ಹೇಗೆ ಬಿದ್ದರೆಂದು ಅಲ್ಲಿ ಯಾರೂ ಕೇಳುವುದಿಲ್ಲ.